ವಯಸ್ಸಿಗೆ ನೂರು ಕೂಡಿಸುವ ಲೆಕ್ಕ

"ಎಪ್ಪತ್ತು ವರ್ಷಕ್ಕೆ ನೂರೆಪ್ಪತ್ತು ಇದ್ದರೆ ಅದೇನೂ ಹೆಚ್ಚಲ್ಲ ಬಿಡಿ" ಎಂಬ ಮಾತು ಕೇಳಿಬರದ ಮನೆ ನಮ್ಮಲ್ಲಿ ಕಡಿಮೆ. ಜಗಲಿಯ ಮೇಲೆ ಕುಳಿತ ಹಿರಿಯರು, ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸೇರುವ ನಿವೃತ್ತರು, ಒಮ್ಮೊಮ್ಮೆ ಔಷಧಿ ಅಂಗಡಿಯವರೂ ಒಪ್ಪಿಸುವ ಲೆಕ್ಕ ಅದು. ವಯಸ್ಸಿಗೆ ನೂರು ಕೂಡಿಸಿ, ಬಂದದ್ದು ನಿಮ್ಮ ಬಿ.ಪಿ. ಎಂಬತ್ತಾದವರಿಗೆ ನೂರೆಂಬತ್ತು, ತೊಂಬತ್ತಾದವರಿಗೆ ನೂರ ತೊಂಬತ್ತು! ಕಾಗದ ಪೆನ್ಸಿಲ್ ಬೇಡ, ಮಾತ್ರೆಯ ಖರ್ಚೂ ಇಲ್ಲ. ತೊಂದರೆ ಒಂದೇ: ಲೆಕ್ಕ ತಪ್ಪು.

ಹಾಗೆಂದು ಇದು ಅಡುಗೂಲಜ್ಜಿಯ ಕಥೆಯೇನಲ್ಲ. ಒಂದು ಕಾಲಕ್ಕೆ ಹೆಸರಾಂತ ವೈದ್ಯರೇ ನಂಬಿದ್ದ ಸೂತ್ರ ಇದು. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆಯುವ ವಿಧಾನವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದರು. ಸ್ಟೆತಾಸ್ಕೋಪಿನಲ್ಲಿ ನಾಡಿಯ ಸದ್ದು ಕೇಳಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕೊವ್ 1905ರಲ್ಲಿ ತೋರಿಸಿಕೊಟ್ಟರು. ಅಳೆಯುವುದು ಬಂತು. ಅಳೆದದ್ದರ ಅರ್ಥ ಹೊಳೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ವಯಸ್ಸಾದಂತೆ ರಕ್ತನಾಳ ಗಡುಸಾಗುತ್ತದೆ, ಗಡುಸಾದ ನಾಳದಲ್ಲಿ ರಕ್ತ ನೂಕಲು ಹೃದಯಕ್ಕೆ ಹೆಚ್ಚು ಒತ್ತಡ ಬೇಕು, ಅದನ್ನು ಇಳಿಸಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದಾಗುತ್ತದೆ ಎಂಬುದು ಆಗಿನ ತರ್ಕ. ಕಾಯಿಲೆಗೆ ಬಿದ್ದ ಹೆಸರೂ ಈ ತರ್ಕಕ್ಕೆ ಒತ್ತಾಸೆಯಾಯಿತು. 'ಎಸೆನ್ಷಿಯಲ್ ಹೈಪರ್‌ಟೆನ್ಷನ್' ಎಂದರೆ ಇಂಥದೇ ಎಂದು ಕಾರಣ ಹೇಳಲಾಗದ ಏರೊತ್ತಡ ಎಂದಷ್ಟೇ ಅರ್ಥ. ಬಹಳ ಮಂದಿ ಅದನ್ನು 'ಅವಶ್ಯವಾದ ಏರೊತ್ತಡ' ಎಂದೇ ತಿಳಿದರು.

ಈ ನಂಬಿಕೆಗೆ ಬೆಲೆ ತೆತ್ತವರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರೂ ಒಬ್ಬರು. 1941ರಲ್ಲಿ, ಅವರಿಗೆ 59 ತುಂಬಿದ್ದಾಗ, ಬಿ.ಪಿ. 188/105 ಇತ್ತು. ವಯಸ್ಸಿಗೆ ನೂರು ಕೂಡಿಸುವ ಧಾರಾಳ ಲೆಕ್ಕದಲ್ಲೂ ಅದು ಹೆಚ್ಚೇ. ಅವರ ಖಾಸಗಿ ವೈದ್ಯರು ಕಿವಿ ಮೂಗು ಗಂಟಲಿನ ತಜ್ಞರು. ಆ ವಯಸ್ಸಿಗೆ ಇದೆಲ್ಲ ಸಹಜ ಎಂಬ ಧೋರಣೆ ಅವರದು. 1944ರ ಮಾರ್ಚಿಯಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಯುವ ಹೃದಯ ತಜ್ಞ ಪರೀಕ್ಷಿಸಿದಾಗ ಹೃದಯ ಹಿಗ್ಗಿ ಸೋಲತೊಡಗಿತ್ತು. ವಿಶ್ರಾಂತಿ, ಉಪ್ಪಿನ ಕಡಿತ, ಹೃದಯಕ್ಕೆ ಡಿಜಿಟಾಲಿಸ್: ಅಂದಿನ ವೈದ್ಯರ ಕೈಯಲ್ಲಿದ್ದುದು ಅಷ್ಟೇ. 1945ರ ಏಪ್ರಿಲ್ 12ರಂದು ಚಿತ್ರಕಾರರೊಬ್ಬರ ಎದುರು ಕುಳಿತಿದ್ದ ರೂಸ್‌ವೆಲ್ಟ್ ತಲೆಯ ಹಿಂಭಾಗದಲ್ಲಿ ಭಯಂಕರ ನೋವು ಎಂದರು, ಕುಸಿದರು. ಬ್ರೂಯೆನ್ ಅಳೆದಾಗ ಬಿ.ಪಿ. 300/190. ಅಂದೇ ಮಧ್ಯಾಹ್ನ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ವಯಸ್ಸು 63. ಲೋಕದ ಅತ್ಯಂತ ಬಲಶಾಲಿ ದೇಶದ ಮುಖ್ಯಸ್ಥನಿಗೇ ಕೊಡಲು ಒಂದು ಮಾತ್ರೆ ಇರಲಿಲ್ಲ.

ಒಂದು ಮಾತ್ರೆಯ ಮೂಲ ಮಾತ್ರ ಇಂಡಿಯಾದ ಕಾಡಿನಲ್ಲಿತ್ತು. ಸರ್ಪಗಂಧದ ಬೇರು ರಕ್ತದ ಒತ್ತಡ ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಅನುಭವವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಪಾಶ್ಚಾತ್ಯರ ಕಣ್ಣು ಇತ್ತ ತಿರುಗಿತು. 1952ರಲ್ಲಿ ಅದೇ ಬೇರಿನಿಂದ ರಿಸರ್ಪಿನ್ ಬೇರ್ಪಟ್ಟಿತು. ವಕೀಲರಿಗೆ 1957ರಲ್ಲಿ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂತು. ಆದರೆ ರಿಸರ್ಪಿನ್ ಕೆಲವರಲ್ಲಿ ಮನಸ್ಸಿಗೆ ಮಂಕು ಕವಿಸುತ್ತಿತ್ತು. ಅದಕ್ಕಿಂತ ವಾಸಿಯಾದ ಔಷಧಿಗಳು ಬಂದಂತೆ ಅದು ಮೂಲೆಗೆ ಸರಿಯಿತು. ಇವತ್ತು ಸರ್ಪಗಂಧದ ಪುಡಿಯನ್ನು ತಾವಾಗಿ ನುಂಗುವವರು ಈ ಕಥೆಯ ಉತ್ತರಾರ್ಧವನ್ನೂ ತಿಳಿದಿರುವುದು ಒಳ್ಳೆಯದು. ಬೇರಿನಿಂದ ಬೇರಿಗೆ ಔಷಧಿಯ ಪ್ರಮಾಣ ಬೇರೆ, ಪುಡಿಯ ಪೊಟ್ಟಣದ ಮೇಲೆ ಅದನ್ನು ಬರೆದಿರುವುದಿಲ್ಲ.

ರಬ್ಬರ್ ಕೊಳವೆ ಗಡುಸಾದಾಗ

ವಯಸ್ಸಾದವರ ಬಿ.ಪಿ.ಗೆ ಅದರದೇ ಒಂದು ಸ್ವಭಾವವಿದೆ. ಹೃದಯದಿಂದ ಹೊರಡುವ ಮಹಾಪಧಮನಿ ಎಳೆಯ ವಯಸ್ಸಿನಲ್ಲಿ ಹೊಸ ರಬ್ಬರ್ ಕೊಳವೆಯ ಹಾಗೆ. ಹೃದಯ ರಕ್ತವನ್ನು ಚಿಮ್ಮಿದಾಗ ತುಸು ಹಿಗ್ಗುತ್ತದೆ, ಹೃದಯ ವಿರಮಿಸಿದಾಗ ಕುಗ್ಗಿ ಆ ರಕ್ತವನ್ನು ಮೆಲ್ಲಗೆ ಮುಂದೆ ನೂಕುತ್ತದೆ. ತೋಟದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಕೊಳವೆ ಬಿರುಸಾಗುತ್ತದಲ್ಲ, ಅರವತ್ತು ದಾಟಿದವರ ಮಹಾಪಧಮನಿಯೂ ಹಾಗೆ ಆಗುತ್ತದೆ. ಹಿಗ್ಗಲಾರದ ನಾಳದಲ್ಲಿ ಪ್ರತಿ ಬಡಿತವೂ ಏಟಿನಂತೆ ಬೀಳುವುದರಿಂದ ಮೇಲಿನ ಅಂಕಿ ಏರುತ್ತದೆ. ಕುಗ್ಗಿ ನೂಕುವ ಶಕ್ತಿ ಇಲ್ಲದ್ದರಿಂದ ಕೆಳಗಿನ ಅಂಕಿ ಇಳಿಯುತ್ತದೆ. 170/75 ಎಂಬಂಥ ಅಂಕಿಗಳು ಮುದುಕರಲ್ಲೇ ಹೆಚ್ಚಾಗಿ ಕಾಣುವುದು ಇದರಿಂದ.

"ಕೆಳಗಿನದು ಸರಿಯಿದೆಯಲ್ಲ, ಮೇಲಿನದಕ್ಕೆ ಏಕೆ ಚಿಂತೆ?" ಎಂಬ ಸಮಾಧಾನ ವೈದ್ಯರಲ್ಲೂ ಬಹುಕಾಲ ಇತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ 1948ರಲ್ಲಿ ಶುರುವಾಗಿ, 5,209 ಮಂದಿಯನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ಆ ಸಮಾಧಾನವನ್ನು ಕಿತ್ತುಕೊಂಡಿತು. ವಯಸ್ಸಾದವರಲ್ಲಿ ಪಾರ್ಶ್ವವಾಯುವನ್ನೂ ಹೃದಯಾಘಾತವನ್ನೂ ಮುಂದಾಗಿ ಸೂಚಿಸುವುದು ಮೇಲಿನ ಅಂಕಿಯೇ ಎಂದು ಅದು ತೋರಿಸಿತು. ಇನ್ನೊಂದು ಕಟು ಸಂಗತಿಯೂ ಅದೇ ಊರಿನಿಂದ 2002ರಲ್ಲಿ ಹೊರಬಂತು. ಐವತ್ತೈದು ಅರವತ್ತೈದರ ತನಕ ಬಿ.ಪಿ. ಇಲ್ಲದೆ ಬಂದವರಲ್ಲಿಯೂ ನೂರಕ್ಕೆ ತೊಂಬತ್ತು ಮಂದಿಗೆ ಉಳಿದ ಆಯುಷ್ಯದಲ್ಲಿ ಅದು ಬಂದೇ ಬರುವ ಸಂಭವ ಇದೆಯಂತೆ.

ಹಾಗಾದರೆ ಇದು ನರೆಕೂದಲಿನ ಹಾಗೆ ಸಹಜ ತಾನೆ ಎನ್ನಬಹುದು. ಅಲ್ಲ ಎನ್ನುವುದಕ್ಕೆ ಬ್ರೆಜಿಲ್ಲಿನ ಕಾಡಿನ ಯಾನೊಮಾಮಿ ಜನ ಸಾಕ್ಷಿ. ಬೇರೆ ಬೇರೆ ದೇಶಗಳ ಉಪ್ಪಿನ ಬಳಕೆಯನ್ನು ಹೋಲಿಸಿ 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರೂ ಸೇರಿದ್ದರು. ಉಪ್ಪನ್ನು ಹೆಚ್ಚುಕಡಿಮೆ ಕಾಣದ ಆ ಜನರಲ್ಲಿ ವಯಸ್ಸಿನೊಂದಿಗೆ ಬಿ.ಪಿ. ಏರುವುದಿಲ್ಲ. ಅಲ್ಲಿನ ಮುದುಕರ ಅಂಕಿ ನಮ್ಮ ಕಾಲೇಜು ಹುಡುಗರ ಅಂಕಿಗಿಂತ ಕಡಿಮೆ. ಎಲ್ಲರೂ ಯಾನೊಮಾಮಿಗಳಾಗಲು ಸಾಧ್ಯವಿಲ್ಲ, ಬಿಡಿ. ಆದರೆ 'ವಯಸ್ಸಾಯಿತು, ಏರಿತು' ಎಂಬುದು ಪ್ರಕೃತಿಯ ಕಟ್ಟಳೆಯಲ್ಲ ಎಂದಾದರೂ ಒಪ್ಪಬೇಕು.

ಸೂತ್ರ ಬಿದ್ದ ಬಗೆ

ಏರಿದ ಅಂಕಿ ಕೆಟ್ಟದ್ದು ಎಂದು ತಿಳಿಯುವುದು ಬೇರೆ, ಅದನ್ನು ಮಾತ್ರೆಯಿಂದ ಇಳಿಸಿದರೆ ಹಿರಿಯರಿಗೆ ಒಳ್ಳೆಯದಾಗುತ್ತದೆ ಎಂದು ತೋರಿಸುವುದು ಬೇರೆ. ಎರಡನೆಯದು 1991ರಲ್ಲಿ ಆಯಿತು. ಅರವತ್ತು ದಾಟಿದ, ಮೇಲಿನ ಅಂಕಿ ಮಾತ್ರ 160 ಮೀರಿದ್ದ 4,736 ಮಂದಿಯನ್ನು ಅಮೆರಿಕದ 'ಶೆಪ್' ಅಧ್ಯಯನ ಎರಡು ಪಾಲು ಮಾಡಿತು. ಒಂದು ಪಾಲಿಗೆ ಕ್ಲೋರ್ತಾಲಿಡೋನ್ ಎಂಬ ಅಗ್ಗದ ಮೂತ್ರವರ್ಧಕ ಅಲ್ಪ ಪ್ರಮಾಣದಲ್ಲಿ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಹುಸಿಮಾತ್ರೆ. ಐದು ವರ್ಷದಲ್ಲಿ ಹುಸಿಮಾತ್ರೆಯವರಲ್ಲಿ ನೂರಕ್ಕೆ ಎಂಟು ಮಂದಿಗೆ ಪಾರ್ಶ್ವವಾಯು ಬಡಿದರೆ, ಔಷಧಿ ತಿಂದವರಲ್ಲಿ ಐದು ಮಂದಿಗೆ. ಮೂರು ಮಂದಿಯ ವ್ಯತ್ಯಾಸ ಸಣ್ಣದೆನಿಸಬಹುದು. ಲಕ್ವ ಹೊಡೆದವರನ್ನು ಹಾಸಿಗೆಯಲ್ಲಿಟ್ಟು ನೋಡಿಕೊಂಡ ಮನೆಯವರನ್ನು ಕೇಳಿ ನೋಡಿ.

ಆದರೂ ಎಂಬತ್ತು ದಾಟಿದವರ ಬಗ್ಗೆ ಅನುಮಾನ ಉಳಿದೇ ಇತ್ತು. 'ಆ ವಯಸ್ಸಿನಲ್ಲಿ ಇನ್ನೇಕೆ ಮಾತ್ರೆ, ಸುಮ್ಮನಿರಲಿ ಬಿಡಿ' ಎನ್ನುವ ಕನಿಕರ ಎಲ್ಲ ದೇಶಗಳಲ್ಲೂ ಉಂಟು. ಯುರೋಪ್, ಚೀನ, ಟ್ಯುನಿಷಿಯ ಮೊದಲಾದ ಕಡೆ ಎಂಬತ್ತು ದಾಟಿದ 3,845 ಮಂದಿಯ ಮೇಲೆ ನಡೆದ 'ಹೈವೆಟ್' ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ಗುರಿ ಬಹಳ ಬಿಗಿಯಾದದ್ದೇನಲ್ಲ, 150/80. ಅಷ್ಟಕ್ಕೇ ಸಾವು ಐದರಲ್ಲಿ ಒಂದು ಪಾಲು ಇಳಿಯಿತು, ಹೃದಯ ಸೋಲುವುದು ಅರ್ಧಕ್ಕಿಂತ ಕಡಿಮೆಯಾಯಿತು. ಲಾಭ ಇಷ್ಟು ನಿಚ್ಚಳವಾದ ಮೇಲೆ ಹುಸಿಮಾತ್ರೆ ಕೊಡುತ್ತ ಕೂರುವುದು ಅನ್ಯಾಯವೆಂದು ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ನೂರು ಕೂಡಿಸುವ ಸೂತ್ರಕ್ಕೆ ಅಲ್ಲಿಗೆ ಉತ್ತರಕ್ರಿಯೆ ಆಗಬೇಕಿತ್ತು. ನಮ್ಮ ಪಾರ್ಕಿನ ಬೆಂಚುಗಳಿಗೆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ಎಷ್ಟಕ್ಕೆ ಇಳಿಸಬೇಕು?

ಇಲ್ಲಿಂದ ಮುಂದೆ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ 'ಸ್ಪ್ರಿಂಟ್' ಅಧ್ಯಯನ 2015ರಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗೆ ಇಳಿಸಿ ನೋಡಿತು. ಎಪ್ಪತ್ತೈದು ದಾಟಿದವರಿಗೂ ಅದರಿಂದ ಲಾಭವೇ ಆಯಿತು. ಚೀನದಲ್ಲಿ ಅರವತ್ತರಿಂದ ಎಂಬತ್ತರ 8,511 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ 'ಸ್ಟೆಪ್' ಅಧ್ಯಯನವೂ 130ರ ಕೆಳಗೆ ಇಳಿಸುವುದೇ ಮೇಲು ಎಂದಿತು. ಚೀನದ 326 ಹಳ್ಳಿಗಳಲ್ಲಿ ಪದವಿ ಇಲ್ಲದ ಗ್ರಾಮ ವೈದ್ಯರೇ ಬಿ.ಪಿ. ಹತೋಟಿಗೆ ತಂದ ಇನ್ನೊಂದು ದೊಡ್ಡ ಪ್ರಯತ್ನದಲ್ಲಿ ಮರೆಗುಳಿ ಕಾಯಿಲೆಯೂ ಶೇ 15ರಷ್ಟು ತಗ್ಗಿತೆಂದು 2025ರಲ್ಲಿ ವರದಿಯಾಯಿತು. ಲಕ್ವಕ್ಕಿಂತ ಮರೆವಿಗೇ ಹೆಚ್ಚು ಹೆದರುವ ಹಿರಿಯರು ಗಮನಿಸಬೇಕಾದ ಸಂಗತಿ ಅದು.

ಇದನ್ನೆಲ್ಲ ಓದಿ ಮನೆಯ ಅಜ್ಜನ ಅಂಕಿಯನ್ನು ಹಟಕ್ಕೆ ಬಿದ್ದು 120ಕ್ಕೆ ತರಲು ಹೊರಡುವ ಮೊದಲು ಎರಡು ಮಾತು ತಿಳಿದಿರಬೇಕು. ಸ್ಪ್ರಿಂಟ್‌ನಲ್ಲಿ ಮಧುಮೇಹ ಇದ್ದವರು, ಹಿಂದೆ ಪಾರ್ಶ್ವವಾಯು ಆದವರು, ಎದ್ದು ನಿಂತಾಗ ಒತ್ತಡ 110ಕ್ಕಿಂತ ಕೆಳಗಿಳಿಯುವವರು ಸೇರಿರಲಿಲ್ಲ. ಅಲ್ಲಿ ಬಿ.ಪಿ. ಅಳೆದದ್ದು ಐದು ನಿಮಿಷ ಮೌನವಾಗಿ ಕೂರಿಸಿದ ಮೇಲೆ, ಯಂತ್ರದಿಂದ. ನಮ್ಮಲ್ಲಿ ಬಸ್ಸಿಳಿದು, ಮೆಟ್ಟಿಲು ಹತ್ತಿ, ಟೋಕನ್ ಹಿಡಿದು ಕಾದು, ಒಳಗೆ ಹೋದ ಕೂಡಲೇ ತೋಳು ಚಾಚುವವರ ಅಂಕಿಯನ್ನು ಅದಕ್ಕೆ ಹೋಲಿಸಲಾಗದು. ಯುರೋಪಿನ ಏರೊತ್ತಡ ತಜ್ಞರ ಸಂಘ 2023ರಲ್ಲಿ ಕೊಟ್ಟ ಸಲಹೆಯಲ್ಲಿ ಅರವತ್ತೈದರಿಂದ ಎಂಬತ್ತರೊಳಗಿನವರಿಗೆ 140ರ ಕೆಳಗೆ, ಎಂಬತ್ತು ದಾಟಿದವರಿಗೆ ಮೊದಲ ಹೆಜ್ಜೆಯಾಗಿ 140ರಿಂದ 150ರ ನಡುವೆ ಎಂದಿದೆ. ತಡೆದುಕೊಳ್ಳಬಲ್ಲವರಿಗೆ ಇನ್ನೂ ಇಳಿಸಬಹುದು. ನಮ್ಮ ಸರ್ಕಾರಿ ಕಾರ್ಯಕ್ರಮದ ಸಾಮಾನ್ಯ ಗುರಿಯೂ 140/90ರ ಕೆಳಗೆ ಎಂಬುದೇ. ಎಂಬತ್ತರ ಹರೆಯದಲ್ಲೂ ತೋಟ ಸುತ್ತಿ ಬರುವವರು ಉಂಟು, ಎಪ್ಪತ್ತಕ್ಕೇ ಗೋಡೆ ಹಿಡಿದು ನಡೆಯುವವರೂ ಉಂಟು. ಇಬ್ಬರಿಗೂ ಒಂದೇ ಗುರಿ ಹಾಕುವುದು ವೈದ್ಯಕೀಯವಲ್ಲ, ಗುಮಾಸ್ತಗಿರಿ.

ಎದ್ದು ನಿಂತಾಗ

ಹಿರಿಯರ ಬಿ.ಪಿ.ಯಲ್ಲಿ ನಿಜವಾದ ಇಕ್ಕಟ್ಟು ಇರುವುದು ಇಲ್ಲಿ. ಕುಳಿತವರು ಎದ್ದಾಗ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಇಳಿಯುತ್ತದೆ. ಎಳೆಯರಲ್ಲಿ ನರಗಳು ಕ್ಷಣಾರ್ಧದಲ್ಲಿ ನಾಳಗಳನ್ನು ಬಿಗಿದು, ಹೃದಯದ ಬಡಿತ ಏರಿಸಿ ಸರಿದೂಗಿಸುತ್ತವೆ. ವಯಸ್ಸಾದವರಲ್ಲಿ ಈ ಚುರುಕು ಕಡಿಮೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20, ಇಲ್ಲವೆ ಕೆಳಗಿನದು 10 ಇಳಿದರೆ ಅದು ಗಮನಿಸಲೇಬೇಕಾದ ಇಳಿತ. ಕಣ್ಣು ಕತ್ತಲಾಗುತ್ತದೆ, ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಸಿಗದಿದ್ದರೆ ಬೀಳುತ್ತಾರೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಕಾಲು ಜಾರಿತು ಎನ್ನುತ್ತಾರೆ. ಎಲ್ಲ ಸಲವೂ ಜಾರಿದ್ದು ಕಾಲೇ ಆಗಿರಬೇಕಿಲ್ಲ.

ಇಂಥ ಇಳಿತಕ್ಕೆ ಬಿ.ಪಿ. ಮಾತ್ರೆಯೊಂದೇ ಕಾರಣವಲ್ಲ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೋಸಿನ್‌ನಂಥ ಮಾತ್ರೆ, ನಿದ್ದೆಯ ಮಾತ್ರೆ, ಖಿನ್ನತೆಯ ಮಾತ್ರೆ, ಬಹುಕಾಲದ ಸಕ್ಕರೆ ಕಾಯಿಲೆ ಎಲ್ಲವೂ ಕೈಜೋಡಿಸುತ್ತವೆ. ಬೇಸಿಗೆಯ ಬೆವರು, ಎರಡು ದಿನದ ಭೇದಿ, ನೀರೂ ಕುಡಿಯದ ಏಕಾದಶಿ ಉಪವಾಸ ಇದ್ದಾಗಲಂತೂ ಮೂತ್ರವರ್ಧಕ ಮಾತ್ರೆ ಒಣಗಿದ ಕೆರೆಗೆ ಪಂಪ್ ಹಾಕಿದಂತೆ. ಅಂಥ ದಿನಗಳಲ್ಲಿ ಯಾವ ಮಾತ್ರೆ ತಡೆಹಿಡಿಯಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮದುವೆ ಮನೆಯ ಭಾರಿ ಊಟದ ನಂತರ ಒಂದೆರಡು ಗಂಟೆ ಒತ್ತಡ ಇಳಿಯುವುದೂ ಹಿರಿಯರಲ್ಲಿ ಸಾಮಾನ್ಯ. ಪಂಕ್ತಿಯಿಂದ ಏಳುವಾಗ ಪಕ್ಕದವರ ಭುಜ ಹಿಡಿಯುವುದರಲ್ಲಿ ನಾಚಿಕೆಯೇನಿಲ್ಲ.

ಆದ್ದರಿಂದ ಅರವತ್ತೈದು ದಾಟಿದವರ ಬಿ.ಪಿ.ಯನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಇನ್ನೆರಡು ಸಲ ಅಳೆಯಬೇಕು. ಎಷ್ಟೋ ಚಿಕಿತ್ಸಾಲಯಗಳಲ್ಲಿ ಜನಜಂಗುಳಿಯ ನಡುವೆ ಇದು ಬಿಟ್ಟುಹೋಗುತ್ತದೆ. ರೋಗಿಯೇ ಕೇಳಬಹುದು: "ಡಾಕ್ಟ್ರೇ, ನಿಂತಾಗಲೂ ಒಮ್ಮೆ ನೋಡ್ತೀರಾ?" ತಲೆಸುತ್ತು ಬಂತೆಂದು ಮಾತ್ರೆಗಳನ್ನೆಲ್ಲ ಒಟ್ಟಿಗೆ ನಿಲ್ಲಿಸುವುದು ಮಾತ್ರ ಪರಿಹಾರವಲ್ಲ. ಹತೋಟಿ ಇಲ್ಲದ ಏರೊತ್ತಡವೂ ನಿಂತಾಗಿನ ಇಳಿತವನ್ನು ಹೆಚ್ಚಿಸುತ್ತದೆ. ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ವಾರಗಳ ಅಂತರದಲ್ಲಿ ನಿಧಾನವಾಗಿ ಏರಿಸುವುದು ಹಿರಿಯರ ಚಿಕಿತ್ಸೆಯ ನಡೆ.

ಯಂತ್ರ ಮನೆಗೆ ಬಂದ ಮೇಲೆ

ಬೆಂಗಳೂರಿನ ಮಗ, ಅಮೆರಿಕದ ಮಗಳು ಊರಿನ ಅಪ್ಪ ಅಮ್ಮನಿಗೆ ಕಳಿಸುವ ವಸ್ತುಗಳಲ್ಲಿ ಬಿ.ಪಿ. ಯಂತ್ರ ಈಗ ಮೊದಲ ಸಾಲಿನಲ್ಲಿದೆ. ಒಳ್ಳೆಯದೇ. ಆಸ್ಪತ್ರೆಯ ವಾಸನೆಗೇ ಒತ್ತಡ ಏರುವವರು ಹಿರಿಯರಲ್ಲಿ ಬಹಳ. ಅಲ್ಲಿ 165 ತೋರಿಸಿದ್ದು ಮನೆಯಲ್ಲಿ 138 ಇರಬಹುದು. ಅದನ್ನು ತಿಳಿಯದೆ ಮಾತ್ರೆ ಏರಿಸಿದರೆ ಬೀಳುವುದು ರೋಗಿಯೇ. ಆದರೆ ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವ ಯಂತ್ರ ಲೇಸು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ಕಾಣಿಸಿಕೊಳ್ಳುತ್ತದೆ. ಕಾಫಿ, ಬೀಡಿ, ನಶ್ಯ, ಎಲೆಯಡಿಕೆ ಆಗಿ ಅರ್ಧ ಗಂಟೆ ಕಳೆದಿರಬೇಕು, ಮೂತ್ರ ಕಟ್ಟಿಕೊಂಡಿರಬಾರದು. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಸುಮ್ಮನೆ ಎಂದರೆ ಮಾತೂ ಇಲ್ಲ, ಧಾರಾವಾಹಿಯೂ ಇಲ್ಲ. ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಬಾರದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆದಿಟ್ಟುಕೊಳ್ಳಬೇಕು. ಮನೆಯಲ್ಲಿ ಸರಾಸರಿ 135/85 ಮೀರಿದರೆ ಹೆಚ್ಚು ಎಂದು ಲೆಕ್ಕ. ನಾಡಿ ಅಡ್ಡಾದಿಡ್ಡಿ ಬಡಿಯುವವರಲ್ಲಿ ಯಂತ್ರದ ಅಂಕಿ ನೆಚ್ಚಿಕೆಗೆ ಬಾರದು. ಅಂಥ ನಾಡಿಗೇ ಬೇರೆ ತಪಾಸಣೆ ಬೇಕು.

ದಿನಕ್ಕೆ ಹತ್ತು ಸಲ ಅಳೆದು, ಪ್ರತಿ ಅಂಕಿಗೂ ಮಕ್ಕಳಿಗೆ ಫೋನು ಮಾಡುವವರೂ ಇದ್ದಾರೆ. ಆ ಗಾಬರಿಯೇ ಮುಂದಿನ ಅಂಕಿಯನ್ನು ಏರಿಸುತ್ತದೆ! ವೈದ್ಯರ ಭೇಟಿಗೆ ಮುಂಚಿನ ಒಂದು ವಾರ ಬೆಳಿಗ್ಗೆ ಸಂಜೆ ನೋಡಿದರೆ ಸಾಕು. ಒಮ್ಮೆ 180 ಕಂಡಿತೆಂದು ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಪದ್ಧತಿ ಒಂದು ಕಾಲಕ್ಕೆ ಬಹಳ ಇತ್ತು. ಒತ್ತಡವನ್ನು ದಿಢೀರನೆ ಕೆಡವಿ ಲಕ್ವವನ್ನೂ ಹೃದಯಾಘಾತವನ್ನೂ ತಾನೇ ತಂದೊಡ್ಡಿದ ಆ ಪದ್ಧತಿ 1990ರ ದಶಕದಲ್ಲೇ ತಿರಸ್ಕೃತವಾಯಿತು. ಬೇರೆ ತೊಂದರೆ ಇಲ್ಲದಿದ್ದರೆ ಸುಮ್ಮನೆ ಕುಳಿತು ಮತ್ತೆ ಅಳೆಯಬೇಕು. ಆಮೇಲೂ ಹೆಚ್ಚೇ ಇದ್ದರೆ ವೈದ್ಯರಿಗೆ ತಿಳಿಸಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎದೆನೋವು, ಏದುಸಿರು ಬಂದರೆ ಮಾತ್ರ ಅಂಕಿ ನೋಡುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ ಅಷ್ಟೇ.

ಉಪ್ಪಿನ ಡಬ್ಬಿ, ಮಾತ್ರೆಯ ಡಬ್ಬಿ

ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಹೆಚ್ಚೆಂದರೆ ಒಂದು ಟೀ ಚಮಚ. ನಮ್ಮಲ್ಲಿ ಅದರ ಒಂದೂವರೆ ಎರಡು ಪಟ್ಟು ಹೊಟ್ಟೆ ಸೇರುತ್ತದೆ. ಪಶ್ಚಿಮ ದೇಶಗಳಲ್ಲಿ ಅದು ಬರುವುದು ಡಬ್ಬದ ಆಹಾರದಿಂದ. ನಮ್ಮಲ್ಲಿ ಬಹುಪಾಲು ಒಲೆಯ ಪಕ್ಕದ ಡಬ್ಬಿಯಿಂದ. ಅಂದರೆ ಹತೋಟಿ ನಮ್ಮ ಕೈಯಲ್ಲೇ ಇದೆ. ಕರಾವಳಿಯ ಗಂಜಿಗೆ ಉಪ್ಪಿನಕಾಯಿ, ಒಣಮೀನು, ಮಲೆನಾಡಿನ ಮಿಡಿ, ಬಯಲುಸೀಮೆಯ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಹಲ್ಲು ಬಿದ್ದು ನಾಲಿಗೆಯ ರುಚಿ ಮಂಕಾದ ಹಿರಿಯರಿಗೆ ಊಟ ಸೇರುವುದೇ ಇವುಗಳ ಆಸರೆಯಿಂದ. ಎಲ್ಲವನ್ನೂ ಒಂದೇ ದಿನ ಕಸಿದುಕೊಂಡರೆ ಊಟವನ್ನೇ ಬಿಟ್ಟು ಸೊರಗುತ್ತಾರೆ. ಉಪ್ಪಿನಕಾಯಿ ಹಬ್ಬಕ್ಕೆ, ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ ಕರಿಬೇವು, ಸಾರಿಗೆ ಹುಣಸೆ ನಿಂಬೆಯ ಹುಳಿ ತುಸು ಮುಂದೆ: ಹೀಗೆ ಮೆಲ್ಲಗೆ ತಗ್ಗಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಸೈಂಧವ ಲವಣಕ್ಕೆ ಬಿ.ಪಿ. ಏರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಬಣ್ಣ ಬೇರೆ, ಒಳಗಿನ ಸೋಡಿಯಂ ಅದೇ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ವಿಚಾರ ಬೇರೆ. ಚೀನದ 600 ಹಳ್ಳಿಗಳಲ್ಲಿ, ಹಿಂದೆ ಪಾರ್ಶ್ವವಾಯು ಆಗಿದ್ದ ಅಥವಾ ಅರವತ್ತು ದಾಟಿ ಬಿ.ಪಿ. ಇದ್ದ ಸುಮಾರು 21,000 ಮಂದಿಯಲ್ಲಿ ಒಂದು ಪಾಲಿಗೆ ಇಂಥ ಉಪ್ಪನ್ನು ಕೊಟ್ಟಾಗ ಪಾರ್ಶ್ವವಾಯು ಶೇ 14ರಷ್ಟು ತಗ್ಗಿದ್ದು 2021ರಲ್ಲಿ ವರದಿಯಾಯಿತು. ಅಡುಗೆಯ ರೀತಿ ಬದಲಾಗಲಿಲ್ಲ, ಡಬ್ಬಿಯೊಳಗಿನ ಉಪ್ಪು ಬದಲಾಯಿತು ಅಷ್ಟೆ. ಆದರೆ ಮೂತ್ರಪಿಂಡ ಸೋತವರಿಗೆ, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಇದು ಅಪಾಯ; ಟೆಲ್ಮಿಸಾರ್ಟನ್, ಎನಲಾಪ್ರಿಲ್ ಗುಂಪಿನ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿದರೆ ಹೃದಯದ ಬಡಿತಕ್ಕೇ ಸಂಚಕಾರ.

ಇನ್ನು ಮಾತ್ರೆಯ ಡಬ್ಬಿ. ಹಲವು ಹಿರಿಯರ ಡಬ್ಬಿಯಲ್ಲಿ ಹೃದಯದ ವೈದ್ಯರು, ಸಕ್ಕರೆ ವೈದ್ಯರು, ಮಂಡಿನೋವಿನ ವೈದ್ಯರು ಬೇರೆಬೇರೆಯಾಗಿ ಬರೆದದ್ದೆಲ್ಲ ಒಂದಾಗಿರುತ್ತದೆ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗುವುದೂ ಉಂಟು. ಮಂಡಿನೋವಿಗೆಂದು ಅಂಗಡಿಯಿಂದ ನೇರವಾಗಿ ತಂದು ನುಂಗುವ ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಒತ್ತಡ ಏರಿಸುತ್ತವೆ. ಟೆಲ್ಮಿಸಾರ್ಟನ್ ಮತ್ತು ಮೂತ್ರವರ್ಧಕದ ಜತೆ ಸೇರಿದರೆ ಮೂತ್ರಪಿಂಡಕ್ಕೂ ಪೆಟ್ಟು. ಕೆಮ್ಮಿಗೆಂದು ದಿನವೂ ಜಗಿಯುವ ಅತಿಮಧುರವೂ ಬಿ.ಪಿ. ಏರಿಸಬಲ್ಲದು. ಆಮ್ಲೊಡಿಪಿನ್‌ನಿಂದ ಪಾದ ಊದಿದರೆ ಅದಕ್ಕೊಂದು ಮೂತ್ರವರ್ಧಕ, ಅದರಿಂದ ಸೋಡಿಯಂ ಇಳಿದು ಮಂಕು ಕವಿದರೆ ಅದಕ್ಕೆ ಇನ್ನೊಂದು ಮಾತ್ರೆ ಎಂಬ ಸರಪಳಿ ಬೆಳೆಯುವುದು ಹೀಗೆಯೇ. ಮುಪ್ಪಿನ ಅರೆಮರುಳು ಎಂದು ಮನೆಯವರು ಕೈಚೆಲ್ಲಿದ್ದು ಎಷ್ಟೋ ಸಲ ಸೋಡಿಯಂ ಕೊರತೆಯಾಗಿರುತ್ತದೆ. ಒಂದು ಸಾಧಾರಣ ರಕ್ತಪರೀಕ್ಷೆಯಲ್ಲಿ ಅದು ಬಯಲಾಗುತ್ತದೆ.

ಮಾತ್ರೆ ಬೆಳಿಗ್ಗೆ ಒಳ್ಳೆಯದೋ ರಾತ್ರಿಯೋ ಎಂಬ ಚರ್ಚೆಗೆ ಬ್ರಿಟನ್ನಿನ 21,104 ಮಂದಿಯ ಅಧ್ಯಯನ 2022ರಲ್ಲಿ ಉತ್ತರ ಕೊಟ್ಟಿದೆ: ಎರಡೂ ಒಂದೇ, ಮರೆಯದ ಹೊತ್ತು ಮುಖ್ಯ. ಮೂತ್ರವರ್ಧಕವನ್ನು ಮಾತ್ರ ಬೆಳಿಗ್ಗೆ ನುಂಗುವುದು ವಾಸಿ. ರಾತ್ರಿ ಬಚ್ಚಲಿಗೆ ಏಳುವುದು ಅಷ್ಟು ಕಡಿಮೆ.

'ತಲೆನೋವಿಲ್ಲ, ಏನೂ ಇಲ್ಲ, ಮಾತ್ರೆ ಏಕೆ' ಎಂದು ಅರ್ಧಕ್ಕೆ ಬಿಡುವವರಿಗಿಂತ ಈ ತಿಂಗಳು ಕೈಯಲ್ಲಿ ದುಡ್ಡಿಲ್ಲವೆಂದೋ, ತಂದುಕೊಡುವವರಿಲ್ಲವೆಂದೋ ಬಿಡುವವರು ಕಡಿಮೆಯೇನಲ್ಲ. ಬಿ.ಪಿ.ಯ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಗರಗಳ ನಮ್ಮ ಕ್ಲಿನಿಕ್‌ಗಳಲ್ಲಿ ಉಚಿತ. ಜನೌಷಧಿ ಅಂಗಡಿಗಳಲ್ಲಿ ಅಗ್ಗ. 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಆಮೇಲೆ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯ ಉದ್ದೇಶ ಮನೆ ಬಾಗಿಲಿಗೇ ಹೋಗಿ ಬಿ.ಪಿ., ಸಕ್ಕರೆ ನೋಡಿ ಔಷಧಿ ಕೊಡುವುದು. ತೋಳಿಗೆ ಪಟ್ಟಿ ಸುತ್ತಲು ಬಂದವರ ಮುಂದೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನೋವಿನ ಮಾತ್ರೆ, ನಾಟಿ ಪುಡಿ, ಪಕ್ಕದ ಮನೆಯವರು ಕೊಟ್ಟ ಗುಳಿಗೆ ಸಹಿತ, ಒಂದು ಮೊರದಲ್ಲಿ ಹಾಕಿ ಇಡಿ. ಅಳೆದಾದ ಮೇಲೆ ಒಂದು ನಿಮಿಷ ನಿಂತುಕೊಂಡು ಮತ್ತೊಮ್ಮೆ ತೋಳು ಚಾಚಿ.